ಮೂಲೆಯಲ್ಲಿ ನಿಂತು ಹಾಡಿದವರು

ನನ್ನ ಮಗಳ ಸಂಸಾರ ಜರ್ಮನಿಯ ಮ್ಯೂನಿಕ್ ನಗರದಲ್ಲಿದೆ. ಎರಡು ವರ್ಷದ ಹಿಂದೆ ಮೂರು ತಿಂಗಳು ಅಲ್ಲಿದ್ದು ಬಂದೆ. ಆ ಊರಿನಲ್ಲಿ ‘ಆಲ್ಟೆ ಪಿನಕೊಥೆಕ್’ ಎಂಬ ದೊಡ್ಡ ಚಿತ್ರಶಾಲೆ ಇದೆ. 1836ರಲ್ಲಿ ಬಾಗಿಲು ತೆರೆದದ್ದು. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಒಡೆದ ಗೋಡೆಯನ್ನು ಬರೀ ಇಟ್ಟಿಗೆಯಿಂದ ಮುಚ್ಚಿದ್ದಾರೆ. ತೇಪೆ ಹಾಕಿದ ಅಂಗಿಯ ಹಾಗೆ ಆ ಗುರುತು ಈಗಲೂ ಎದ್ದು ಕಾಣುತ್ತದೆ. ಬೇರೆ ದಿನ ಒಳಗೆ ಹೋಗಲು ಟಿಕೆಟ್ಟಿಗೆ ಸಾಕಷ್ಟು ದುಡ್ಡು, ಭಾನುವಾರ ಮಾತ್ರ ಒಂದೇ ಯೂರೋ. ಮಕ್ಕಳಿಗೆ ಪೂರಾ ಉಚಿತ. ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ಗುಮಾಸ್ತನಾಗಿದ್ದವನಿಗೆ ಇಷ್ಟು ಗೊತ್ತಾದ ಮೇಲೆ ಕೇಳಬೇಕೆ? ಪ್ರತಿ ಭಾನುವಾರ ಎಂಟು ವರ್ಷದ ಮೊಮ್ಮಗಳ ಕೈ ಹಿಡಿದು ಹೊರಟುಬಿಡುತ್ತಿದ್ದೆ.

ಅಲ್ಲಿ ಗೋಡೆಯಷ್ಟು ಎತ್ತರದ ಚಿತ್ರಗಳಿವೆ. ಕುದುರೆ, ಯುದ್ಧ, ದೇವತೆಗಳು, ರಾಜರು. ಮೊದಲ ಎರಡು ಭಾನುವಾರ ಅವನ್ನೇ ಕತ್ತೆತ್ತಿ ನೋಡಿ ಕುತ್ತಿಗೆ ನೋವು ತಂದುಕೊಂಡೆ. ಮೂರನೆಯ ಭಾನುವಾರ ಮೊಮ್ಮಗಳು ಒಂದು ಸಣ್ಣ ಚಿತ್ರದ ಮುಂದೆ ನಿಂತುಬಿಟ್ಟಳು. ಎತ್ತರ ಸುಮಾರು ಎರಡೂಕಾಲು ಅಡಿ, ಅಗಲ ಮೂರಡಿ, ಅಷ್ಟೆ. ನಮ್ಮ ಮನೆಯ ನಡುಮನೆಯಲ್ಲಿರುವ ಸತ್ಯನಾರಾಯಣನ ಪಟಕ್ಕಿಂತ ಸ್ವಲ್ಪ ದೊಡ್ಡದು.

ಬಹಳ ಎತ್ತರದ ಒಂದು ಸಭಾಂಗಣ. ಮೇಲಿನಿಂದ ತೂಗುದೀಪಗಳು ಇಳಿಬಿದ್ದಿವೆ. ಬೆಳಕು ಬೆಳ್ಳಿ, ಬಂಗಾರ ಕಲಸಿದ ಹಾಗೆ ಎಲ್ಲೆಲ್ಲೂ ಚೆಲ್ಲಿದೆ. ಕೆಳಗೆ ಶ್ರೀಮಂತರ ಗುಂಪು. ಹೆಂಗಸರ ತಲೆಗೂದಲು ಗೋಪುರದ ಹಾಗೆ ಮೇಲೆದ್ದಿದೆ, ಲಂಗಗಳು ಅಕ್ಕಪಕ್ಕ ಎರಡು ಜನ ಕೂರುವಷ್ಟು ಜಾಗ ಹಿಡಿದಿವೆ. ಗಂಡಸರು ಜರಿ ಕೋಟು ಹಾಕಿ ನಿಂತಿದ್ದಾರೆ. ಹರಟೆ, ನಮಸ್ಕಾರ, ಉಪಚಾರ ಎಲ್ಲ ನಡೆದಿದೆ. ಮೊಮ್ಮಗಳು ನೋಡಿ ನೋಡಿ ಕೇಳಿದಳು: “ತಾತ, ಇದರ ಹೆಸರು ಕಾನ್ಸರ್ಟ್ ಅಂತ ಬರೆದಿದೆ. ಹಾಡೋರು ಎಲ್ಲಿ?”

ನಾನೂ ಕನ್ನಡಕ ಸರಿಮಾಡಿಕೊಂಡು ಹುಡುಕಿದೆ. ಎಡಗಡೆ ಗೋಡೆಗೆ ಅಂಟಿಕೊಂಡಂತೆ ಒಂದು ಅಟ್ಟಣೆ. ಅದರಲ್ಲಿ ಮೂರು ಸಾಲು ಹೆಣ್ಣುಮಕ್ಕಳು, ಒಂದರ ಮೇಲೊಂದು ಸಾಲು. ಕಪ್ಪು ಬಟ್ಟೆ. ಕೆಲವರ ಕೈಯಲ್ಲಿ ಪಿಟೀಲು. ಮುಖ ಎಂದರೆ ಕುಂಚದ ಒಂದೊಂದು ಬೊಟ್ಟು. ಕೆಳಗಿರುವ ಜನರಲ್ಲಿ ಬಹಳ ಮಂದಿ ಅತ್ತ ನೋಡುತ್ತಿರುವ ಹಾಗೇ ಕಾಣುವುದಿಲ್ಲ.

“ಪಾಪ, ಯಾರೂ ಕೇಳ್ತಾನೇ ಇಲ್ಲ” ಎಂದಳು ಮೊಮ್ಮಗಳು.

ಆ ಒಂದು ಮಾತಿನಿಂದ ಈ ಲೇಖನ ಹುಟ್ಟಿತು. ಆ ಹುಡುಗಿಯರು ಯಾರು ಎಂದು ತಿಳಿದುಕೊಳ್ಳಲು ನನಗೆ ಒಂದೂವರೆ ವರ್ಷ ಹಿಡಿಯಿತು. ಮಗಳು ಪುಸ್ತಕ ತರಿಸಿಕೊಟ್ಟಳು. ನನ್ನ ಬಿ.ಕಾಂ. ಇಂಗ್ಲಿಷಿನಲ್ಲಿ, ನಿಘಂಟು ಪಕ್ಕದಲ್ಲಿಟ್ಟುಕೊಂಡು ನಿಧಾನವಾಗಿ ಓದಿದೆ.

ಚಿತ್ರ ಬರೆದವನು ಫ್ರಾನ್ಸೆಸ್ಕೊ ಗ್ವಾರ್ದಿ. ಇಟಲಿಯ ವೆನಿಸ್ ನಗರದವನು. ಹುಟ್ಟಿದ್ದು 1712ರಲ್ಲಿ. ವೆನಿಸ್ ಎಂದರೆ ಗೊತ್ತಲ್ಲ ಮಕ್ಕಳೇ, ಬೀದಿಯಲ್ಲಿ ನೀರು ಹರಿಯುವ, ಗಾಡಿಯ ಬದಲು ದೋಣಿ ಓಡಾಡುವ ಊರು. ಗ್ವಾರ್ದಿ ಹೆಸರಾದದ್ದು ಆ ಊರಿನ ನೀರು, ಸೇತುವೆ, ಚೌಕಗಳ ಚಿತ್ರಗಳಿಂದ. ಊರಿನ ಕಲಾ ಅಕಾಡೆಮಿ ಅವನನ್ನು ಸದಸ್ಯನನ್ನಾಗಿ ಆರಿಸಿಕೊಂಡದ್ದು 1784ರಲ್ಲಿ. ಆಗ ಅವನಿಗೆ ಸುಮಾರು ಎಪ್ಪತ್ತೆರಡು. ನನ್ನ ವಯಸ್ಸಿನವರಿಗೆ ಧೈರ್ಯ ಬರುವ ಸುದ್ದಿ ಇದು.

ಚಿತ್ರದಲ್ಲಿರುವ ಕಚೇರಿ ನಡೆದದ್ದು 1782ರ ಜನವರಿಯಲ್ಲಿ. ರಷ್ಯಾದ ಮಹಾರಾಣಿ ಎರಡನೇ ಕ್ಯಾಥರೀನಳ ಮಗ, ಯುವರಾಜ ಪಾವೆಲ್, ಹೆಂಡತಿಯೊಂದಿಗೆ ಯುರೋಪು ಸುತ್ತಲು ಹೊರಟಿದ್ದ. ರಾಜಮರ್ಯಾದೆಯ ತಾಪತ್ರಯ ಬೇಡವೆಂದು ‘ಉತ್ತರದ ಕೌಂಟ್’ ಎಂಬ ಬೇರೆ ಹೆಸರಿಟ್ಟುಕೊಂಡಿದ್ದ. ಗುಟ್ಟು ಏನೂ ಉಳಿಯಲಿಲ್ಲ ಬಿಡಿ, ಊರಿಗೆಲ್ಲ ಗೊತ್ತಿತ್ತು. ವೆನಿಸ್‌ನವರು ಅವನಿಗಾಗಿ ನಾಟಕಶಾಲೆಯಲ್ಲಿ ಔತಣ ಮಾಡಿದರು, ನೃತ್ಯ ಮಾಡಿಸಿದರು, ದೊಡ್ಡ ಚೌಕದಲ್ಲಿ ಉತ್ಸವ ನಡೆಸಿದರು. ಅವುಗಳಲ್ಲೊಂದು ಈ ಸಂಗೀತ ಕಚೇರಿ. ಗ್ವಾರ್ದಿಯ ಚಿತ್ರದಲ್ಲಿ ಯುವರಾಜ ಯಾರೆಂದು ಹುಡುಕುವುದು ದಂಡ. ಅವನ ಕುಂಚ ರಾಜನಿಗೂ ಎರಡೇ ಗೀಟು ಎಳೆಯುತ್ತದೆ, ಆಳಿಗೂ ಎರಡೇ ಗೀಟು.

ಹಾಡಿದವರು ವೆನಿಸ್‌ನ ಅನಾಥಾಲಯಗಳ ಹೆಣ್ಣುಮಕ್ಕಳು.

ವೆನಿಸ್‌ನಲ್ಲಿ ಇಂಥ ದೊಡ್ಡ ಆಶ್ರಯಧಾಮಗಳು ನಾಲ್ಕಿದ್ದವು. ಒಂದರ ಹೆಸರಿನ ಅರ್ಥ ಕರುಣೆ, ಇನ್ನೊಂದರದು ಭಿಕ್ಷುಕರು, ಮತ್ತೊಂದರದು ವಾಸಿಯಾಗದ ರೋಗಿಗಳು, ನಾಲ್ಕನೆಯದು ದಿಕ್ಕಿಲ್ಲದವರು. ಹೆಸರು ಕೇಳಿದರೇ ಹೊಟ್ಟೆ ಹಿಂಡುತ್ತದೆ. ಆದರೆ ಯುರೋಪಿನ ಮೂಲೆಮೂಲೆಯಿಂದ ಸಂಗೀತಪ್ರಿಯರು ವೆನಿಸ್‌ಗೆ ಬರುತ್ತಿದ್ದದ್ದು ಈ ನಾಲ್ಕು ಮನೆಗಳ ಹುಡುಗಿಯರ ಸಂಗೀತ ಕೇಳಲಿಕ್ಕೆ!

‘ಕರುಣೆ’ಯ ಮನೆ, ಅಂದರೆ ಪಿಯೆತಾ, ಇವುಗಳಲ್ಲಿ ಪ್ರಸಿದ್ಧ. 1346ರಲ್ಲಿ ಶುರುವಾದದ್ದು. ಹೆತ್ತವರು ಸಾಕಲಾರದೆ ಬಿಟ್ಟುಹೋದ ಕೂಸುಗಳಿಗಾಗಿಯೇ ಇದ್ದದ್ದು. ಅದರ ಗೋಡೆಯಲ್ಲಿ ಒಂದು ಗೂಡು ಇತ್ತು. ಕತ್ತಲಲ್ಲಿ ಬಂದು ಕೂಸನ್ನು ಆ ಗೂಡಿನಲ್ಲಿ ಮಲಗಿಸಿ ಹೋಗಿಬಿಡುತ್ತಿದ್ದರು. ಒಳಗಿದ್ದವರು ಎತ್ತಿಕೊಳ್ಳುತ್ತಿದ್ದರು. ಯಾರು, ಏಕೆ ಎಂದು ಕೇಳುವವರಿಲ್ಲ. ಆದರೆ ಅನುಕೂಲವಿದ್ದೂ ಮಕ್ಕಳನ್ನು ತಂದು ಬಿಡುವವರಿಗೆ 1548ರಲ್ಲಿ ಪೋಪ್ ಒಂದು ಶಾಪ ಹಾಕಿದ್ದರು. ಆ ಶಾಪ ಕೊರೆದ ಕಲ್ಲು ಅಲ್ಲಿನ ಗೋಡೆಯಲ್ಲಿ ಈಗಲೂ ಇದೆ. ಒಳಗೆ ಬಂದ ಕೂಸಿಗೆ ಪಿಯೆತಾದ ಮಗು ಎಂಬುದಕ್ಕೆ ‘ಪಿ’ ಅಕ್ಷರದ ಸಣ್ಣ ಬರೆ ಹಾಕುತ್ತಿದ್ದರು. ಇದನ್ನು ಓದುವಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಓಡಾಡಿ ಬಂದೆ.

ಬಹಳ ತಾಯಂದಿರು ಕೂಸಿನ ಬಟ್ಟೆಯಲ್ಲಿ ಒಂದು ಗುರುತು ಕಟ್ಟಿಡುತ್ತಿದ್ದರಂತೆ. ಅರ್ಧಕ್ಕೆ ಕತ್ತರಿಸಿದ ಪದಕ, ಇಲ್ಲವೇ ಅರ್ಧಕ್ಕೆ ಹರಿದ ದೇವರ ಪಟ. ಇನ್ನರ್ಧ ತಾಯಿಯ ಹತ್ತಿರ. ಕಾಲ ಕೂಡಿಬಂದಾಗ ತನ್ನ ಅರ್ಧ ತಂದು ತೋರಿಸಿದರೆ, ಎರಡೂ ಕೂಡಿದರೆ, ಮಗು ಅವಳದು.

ಹಳೆಯ ಕಾಲದ ಬ್ಯಾಂಕು ಕಂಡವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಮೊಮ್ಮಕ್ಕಳಿಗೆ ಅಜ್ಜ ಅಜ್ಜಿಯರೇ ಹೇಳಬೇಕು. ಆಗೆಲ್ಲ ಚೆಕ್ಕು ಕೊಟ್ಟರೆ ಕೌಂಟರಿನಲ್ಲಿ ಗುಂಡಗಿನ ಹಿತ್ತಾಳೆ ಟೋಕನ್ ಕೊಡುತ್ತಿದ್ದೆವು. ಅದರ ಮೇಲೆ ಒಂದು ನಂಬರು. ಕ್ಯಾಷಿಯರು ನಂಬರು ಕೂಗಿದಾಗ ಟೋಕನ್ ಹಿಂದಿರುಗಿಸಿ ದುಡ್ಡು ತೆಗೆದುಕೊಳ್ಳಬೇಕು. ಸಂಜೆ ಬಾಗಿಲು ಹಾಕುವ ಮುಂಚೆ ಟೋಕನ್‌ಗಳನ್ನು ಎಣಿಸಿ, ನಂಬರಿನ ಪ್ರಕಾರ ಮೊಳೆಗೆ ನೇತುಹಾಕುವುದು ನನ್ನ ಕೆಲಸ. ಒಂದು ಕಡಿಮೆಯಾದರೂ ಮನೆಗೆ ಹೋಗುವ ಹಾಗಿಲ್ಲ. ಪಿಯೆತಾದಲ್ಲಿ ಹಾಗೆ ತೆಗೆದಿಟ್ಟ ಅರ್ಧರ್ಧ ಪದಕಗಳು ಇಂದಿಗೂ ಇವೆ. ಚಿತ್ರದಲ್ಲಿ ನೋಡಿದೆ. ಇನ್ನರ್ಧ ಬರಲೇ ಇಲ್ಲ. ಮುನ್ನೂರು ವರ್ಷದಿಂದ ಮೊಳೆಯ ಮೇಲೆ ಉಳಿದ ಲೆಕ್ಕ ಅದು.

ಇನ್ನು ಸಂಗೀತದ ವಿಷಯ. ಪಿಯೆತಾದ ಎಲ್ಲ ಹುಡುಗಿಯರೂ ಹಾಡುತ್ತಿರಲಿಲ್ಲ. ಹೊಲಿಗೆ, ಕಸೂತಿ, ರೋಗಿಗಳ ಶುಶ್ರೂಷೆ ಬಹಳ ಜನಕ್ಕೆ. ಕಿವಿ ಚೆನ್ನಾಗಿದ್ದವರನ್ನು ಮಾತ್ರ ಆರಿಸಿ ಸಂಗೀತದ ಮೇಳಕ್ಕೆ ಸೇರಿಸುತ್ತಿದ್ದರು. ಪಿಟೀಲು ಮಾತ್ರವಲ್ಲ, ಆ ಕಾಲದಲ್ಲಿ ಹೆಂಗಸರು ಮುಟ್ಟಬಾರದು ಎನಿಸಿದ್ದ ದೊಡ್ಡ ದೊಡ್ಡ ವಾದ್ಯಗಳನ್ನೂ ಅವರೇ ನುಡಿಸುತ್ತಿದ್ದರು. ಮೇಳದಲ್ಲಿ ಗಂಡಸರೇ ಇಲ್ಲ.

1703ರಲ್ಲಿ ಇವರಿಗೆ ಪಿಟೀಲು ಕಲಿಸಲು ಇಪ್ಪತ್ತೈದು ವರ್ಷದ ಒಬ್ಬ ಪಾದ್ರಿ ಬಂದ. ಕೆಂಪು ಕೂದಲು. ಊರಿನಲ್ಲಿ ‘ಕೆಂಪು ಪಾದ್ರಿ’ ಎಂದೇ ಹೆಸರು. ಅವನೇ ಅಂತೋನಿಯೊ ವಿವಾಲ್ಡಿ. ಅವನ ‘ನಾಲ್ಕು ಋತುಗಳು’ ಸಂಗೀತವನ್ನು ನೀವು ಯಾವುದಾದರೂ ಟಿ.ವಿ. ಜಾಹೀರಾತಿನಲ್ಲೋ, ಟೆಲಿಫೋನಿನಲ್ಲಿ ಕಾಯಿಸುವಾಗಲೋ ಕೇಳಿಯೇ ಇರುತ್ತೀರಿ. ಅಂಥ ಮನುಷ್ಯನ ನೌಕರಿಯನ್ನು ಪಿಯೆತಾದ ಆಡಳಿತ ಮಂಡಳಿ ವರ್ಷ ವರ್ಷ ಮತ ಹಾಕಿ ಮುಂದುವರಿಸಬೇಕಾಗಿತ್ತು. 1709ರಲ್ಲಿ ಮತ ಸಾಲದೆ ಕೆಲಸ ಹೋಯಿತು. ಎರಡು ವರ್ಷ ಬಿಟ್ಟು ಮತ್ತೆ ಕರೆದರು. 1723ರಲ್ಲಿ ಮಾಡಿಕೊಂಡ ಒಪ್ಪಂದ ಹೀಗಿದೆ: ತಿಂಗಳಿಗೆ ಎರಡು ಹೊಸ ಕೃತಿ ಕೊಡಬೇಕು, ಒಂದೊಂದಕ್ಕೆ ಒಂದು ಸೆಕ್ವಿನ್ ಚಿನ್ನದ ನಾಣ್ಯ. ಈ ವಿವರ ಓದುವಾಗ ನನಗೆ ಸಂಗೀತಕ್ಕಿಂತ ಆ ಲೆಕ್ಕ ಬರೆದಿಟ್ಟ ಗುಮಾಸ್ತನ ಮೇಲೆ ಪ್ರೀತಿ ಬಂತು. ಅವನು ಬರೆದಿಡದಿದ್ದರೆ ನಮಗೆ ಏನು ಗೊತ್ತಾಗುತ್ತಿತ್ತು?

ಆ ಲೆಕ್ಕದ ಪುಸ್ತಕಗಳಲ್ಲಿ ಹುಡುಗಿಯರ ಹೆಸರುಗಳೂ ಇವೆ. ಅಪ್ಪನ ಹೆಸರು ಇಲ್ಲ, ಮನೆತನದ ಹೆಸರು ಇಲ್ಲ. ವಾದ್ಯವೇ ಮನೆತನ. ಅವರಲ್ಲಿ ಎಲ್ಲರಿಗಿಂತ ಹೆಸರಾದವಳು ಅನ್ನಾ ಮರಿಯಾ ದಾಲ್ ವಯೊಲಿನ್, ಅಂದರೆ ಪಿಟೀಲಿನ ಅನ್ನಾ ಮರಿಯಾ. ಸುಮಾರು 1696ರಲ್ಲಿ ಹುಟ್ಟಿದವಳು. ಕೂಸಾಗಿ ಪಿಯೆತಾಕ್ಕೆ ಬಂದವಳು. ವಿವಾಲ್ಡಿ ಅವಳಿಗೆಂದೇ ಇಪ್ಪತ್ತಕ್ಕೂ ಹೆಚ್ಚು ಕೃತಿ ಬರೆದ. ಅವಳು ನುಡಿಸುತ್ತಿದ್ದ ಸ್ವರಗಳ ಸ್ವಂತ ಪುಸ್ತಕ ವೆನಿಸ್‌ನಲ್ಲಿ ಇನ್ನೂ ಇದೆ. ಮುಂದೆ ತಾನೇ ಗುರುವಾಗಿ ಚಿಕ್ಕ ಹುಡುಗಿಯರಿಗೆ ಕಲಿಸಿದಳು. ಜೀವನವೆಲ್ಲ ಆ ಮನೆಯಲ್ಲೇ ಕಳೆಯಿತು.

ಇವರ ಸಂಗೀತ ಕೇಳಲು ಜನ ಕಿಕ್ಕಿರಿಯುತ್ತಿದ್ದರು. ಸಾಮಾನ್ಯವಾಗಿ ನಡೆಯುತ್ತಿದ್ದದ್ದು ಚರ್ಚಿನಲ್ಲಿ. ಕೂರುವ ಕುರ್ಚಿಗೆ ಬಾಡಿಗೆ, ಆ ಬಾಡಿಗೆ ಅನಾಥಾಲಯದ ಖರ್ಚಿಗೆ. ಚರ್ಚಿನೊಳಗೆ ಚಪ್ಪಾಳೆ ತಟ್ಟುವ ಹಾಗಿಲ್ಲ. ಅದಕ್ಕೆ ಜನ ಏನು ಮಾಡುತ್ತಿದ್ದರು ಗೊತ್ತೇ? ಹಾಡು ಚೆನ್ನಾಗಿತ್ತು ಎಂದರೆ ಎಲ್ಲರೂ ಕೆಮ್ಮುವುದು, ಕಾಲು ಉಜ್ಜುವುದು, ಮೂಗು ಸೀನುವುದು! ಮೊಮ್ಮಗಳಿಗೆ ಇದನ್ನು ಹೇಳಿದ ದಿನದಿಂದ ನಾನು ಸ್ನಾನ ಮಾಡುತ್ತಾ ಹಾಡಿಕೊಂಡರೆ ಸಾಕು, ಬಾಗಿಲಾಚೆಯಿಂದ ಕೆಮ್ಮು ಕೇಳುತ್ತಿತ್ತು.

ಹಾಡುವವರು ಮಾತ್ರ ಯಾರಿಗೂ ಕಾಣುತ್ತಿರಲಿಲ್ಲ. ಅವರು ನಿಲ್ಲುತ್ತಿದ್ದದ್ದು ಮೇಲಿನ ಅಟ್ಟಣೆಯಲ್ಲಿ, ಕಬ್ಬಿಣದ ಜಾಲರಿಯ ಹಿಂದೆ. ಕೆಳಗಿನವರಿಗೆ ದನಿ ಮಾತ್ರ.

ಈ ಜಾಲರಿಯ ಬಗ್ಗೆ ಒಂದು ಒಳ್ಳೆಯ ಕಥೆ ಇದೆ. ಚಿಂತಕ ರೂಸೋ ಯುವಕನಾಗಿದ್ದಾಗ, 1743-44ರಲ್ಲಿ, ವೆನಿಸ್‌ನಲ್ಲಿದ್ದ ಫ್ರಾನ್ಸಿನ ರಾಯಭಾರಿಗೆ ಕಾರ್ಯದರ್ಶಿಯಾಗಿದ್ದ. ‘ಭಿಕ್ಷುಕರ ಮನೆ’ಯ ಹಾಡು ಕೇಳಿ ಮರುಳಾದ. ಇಷ್ಟು ಚೆನ್ನಾಗಿ ಹಾಡುವವರು ಅಪ್ಸರೆಯರೇ ಇರಬೇಕು, ಈ ಹಾಳು ಜಾಲರಿ ಅವರನ್ನು ಮುಚ್ಚಿಟ್ಟಿದೆ ಎಂದು ಪೇಚಾಡುತ್ತಿದ್ದ. ಸಂಸ್ಥೆಯ ಆಡಳಿತದಲ್ಲಿದ್ದ ಪರಿಚಿತರೊಬ್ಬರು, ಬನ್ನಿ, ಅವರ ಜೊತೆಗೇ ಉಪಾಹಾರ ಮಾಡುವಿರಂತೆ ಎಂದು ಒಳಗೆ ಕರೆದುಕೊಂಡು ಹೋದರು. ಒಬ್ಬೊಬ್ಬರನ್ನೇ ಹೆಸರು ಹೇಳಿ ಪರಿಚಯಿಸಿದರು. ಒಬ್ಬಳು ನೋಡಲು ಚೆನ್ನಾಗಿರಲಿಲ್ಲ. ಇನ್ನೊಬ್ಬಳಿಗೆ ಒಂದೇ ಕಣ್ಣು. ಮತ್ತೊಬ್ಬಳ ಮುಖದ ತುಂಬ ಸಿಡುಬಿನ ಕಲೆ. ರೂಸೋಗೆ ಮುಖ ಬಾಡಿತು. ಆದರೆ ತಿಂಡಿ ತಿನ್ನುತ್ತಾ ಅವರ ಮಾತು, ನಗು, ತಮಾಷೆ ಎಲ್ಲ ಕೇಳಿದ ಮೇಲೆ ಮನಸ್ಸು ತಿರುಗಿತು. ಹೊರಡುವ ಹೊತ್ತಿಗೆ ಅವರಲ್ಲಿ ಬಹಳ ಜನರ ಮೇಲೆ ಅವನಿಗೆ ಪ್ರೀತಿಯೇ ಹುಟ್ಟಿತ್ತು. ಮರುದಿನದಿಂದ ಹಾಡು ಕೇಳಲು ಕೂತರೆ, ಕಣ್ಣು ಏನೇ ಹೇಳಲಿ, ಅವರೆಲ್ಲ ಅವನಿಗೆ ಸುಂದರಿಯರೇ. ಇದನ್ನು ಅವನೇ ತನ್ನ ಆತ್ಮಕಥೆಯಲ್ಲಿ ನಾಚಿಕೆಯಿಲ್ಲದೆ ಬರೆದುಕೊಂಡಿದ್ದಾನೆ. ನನಗೆ ಮಾತ್ರ ಆ ಹುಡುಗಿಯರ ಕಡೆಯ ಕಥೆ ಕೇಳಬೇಕೆನಿಸುತ್ತದೆ. ಜಾಲರಿ ದಾಟಿ ಒಬ್ಬ ಹೊರಗಿನವನು ಬಂದು ಪಕ್ಕದಲ್ಲಿ ತಿಂಡಿ ತಿಂದ ದಿನ ಅವರು ರಾತ್ರಿ ಏನೇನು ಮಾತಾಡಿಕೊಂಡರೋ!

ಅದೇ ‘ಭಿಕ್ಷುಕರ ಮನೆ’ಗೆ ಏಳೆಂಟು ವರ್ಷದವಳಾಗಿದ್ದಾಗ ಸೇರಿದವಳು ಮದ್ದಲೇನಾ ಲೊಂಬಾರ್ದೀನಿ. 1745ರಲ್ಲಿ ಹುಟ್ಟಿದವಳು. ಅವಳಿಗೆ ಹದಿನಾಲ್ಕು ವರ್ಷವಾಗಿದ್ದಾಗ ಪಾದುವಾ ಎಂಬ ಹತ್ತಿರದ ಊರಿನಿಂದ ಒಂದು ಕಾಗದ ಬಂತು. ಬರೆದವರು ತಾರ್ತೀನಿ. ಆ ಕಾಲದ ಪಿಟೀಲಿಗೆ ಅವರೇ ಭೀಷ್ಮ. ವಯಸ್ಸು ಅರವತ್ತೇಳು. ಕಾಗದದ ತಾರೀಖು 1760ರ ಮಾರ್ಚ್ 5. ಅದು ಪೂರಾ ಒಂದು ಪಾಠ. ಮೊದಲು ಬಿಲ್ಲು ಹಿಡಿಯುವುದನ್ನು ಸಾಧಿಸು, ಬಿಲ್ಲನ್ನು ತಂತಿಯ ಮೇಲೆ ಉಸಿರಿನಷ್ಟು ಮೃದುವಾಗಿ ಇಟ್ಟು, ಒಂದೇ ಸ್ವರವನ್ನು ಮೆಲ್ಲಗೆ ದೊಡ್ಡದು ಮಾಡುತ್ತಾ ಹೋಗಿ ಮತ್ತೆ ಸಣ್ಣದು ಮಾಡು, ದಿನವೂ ಮಾಡು. ಪಿಟೀಲು ಕಲಿಯುವ ನಮ್ಮ ಮಕ್ಕಳಿಗೂ ಮೇಷ್ಟ್ರು ಉದ್ದ ಬಿಲ್ಲು ಎಳೆಸಿ ಎಳೆಸಿ ಬೇಜಾರು ಮಾಡಿಸುತ್ತಾರಲ್ಲ, ಹಾಗೆ. ಒಬ್ಬ ಅನಾಥಾಲಯದ ಹುಡುಗಿಗೆ ಅಂಥ ದೊಡ್ಡ ವಿದ್ವಾಂಸರು ಕೂತು ಬರೆದ ಆ ಕಾಗದ ಮುಂದೆ ಅಚ್ಚಾಗಿ, ಇಂಗ್ಲಿಷಿಗೂ ಅನುವಾದವಾಗಿ, ಇವತ್ತಿಗೂ ಪಿಟೀಲು ಕಲಿಯುವವರು ಅದನ್ನು ಓದುತ್ತಾರೆ.

(ಪಿಟೀಲು ನಮ್ಮ ಕರ್ನಾಟಕ ಸಂಗೀತಕ್ಕೆ ಬಂದದ್ದು ಇದಾದ ಮೇಲೆ. ಮದ್ರಾಸಿನಲ್ಲಿ ಅದನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದ ಬಾಲುಸ್ವಾಮಿ ದೀಕ್ಷಿತರು, ಮುತ್ತುಸ್ವಾಮಿ ದೀಕ್ಷಿತರ ತಮ್ಮ, ಹುಟ್ಟಿದ್ದು 1786ರಲ್ಲಿ. ಗ್ವಾರ್ದಿಯ ಚಿತ್ರದ ಕಚೇರಿ ನಡೆದ ನಾಲ್ಕು ವರ್ಷದ ನಂತರ.)

ಮದ್ದಲೇನಾ 1767ರಲ್ಲಿ ಒಬ್ಬ ಪಿಟೀಲು ವಾದಕನನ್ನು ಮದುವೆಯಾಗಿ ಹೊರಗೆ ಬಂದಳು. ಪ್ಯಾರಿಸ್, ಲಂಡನ್‌ಗಳಲ್ಲಿ ನುಡಿಸಿದಳು. ತಾನೇ ಕೃತಿ ರಚಿಸಿ ಅಚ್ಚು ಹಾಕಿಸಿದಳು. ಆದರೆ ಇದು ಅಪರೂಪ. ಈ ಮನೆಗಳ ಗಾಯಕಿಯರಿಗೆ ಮದುವೆ ಎಂದರೆ ಸಾಮಾನ್ಯವಾಗಿ ಸಂಗೀತದ ಕೊನೆ. ಒಳಗಿದ್ದರೆ ಜಾಲರಿಯ ಹಿಂದೆ ಮುದುಕಿಯಾಗುವವರೆಗೂ ಹಾಡಬಹುದು. ಮದುವೆಯಾಗಿ ಹೊರಟರೆ ಸಂಸ್ಥೆಯೇ ವರದಕ್ಷಿಣೆ ಕೊಡುತ್ತಿತ್ತು. ಆದರೆ ಸಭೆಯಲ್ಲಿ ಇನ್ನು ಹಾಡುವುದಿಲ್ಲ ಎಂದು ಒಪ್ಪಿಕೊಂಡು ಹೋಗಬೇಕಾಗಿತ್ತು.

ಈ ಸಾಲು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನನಗೊಬ್ಬ ಅಕ್ಕ ಇದ್ದಾಳೆ. ಈಗ ಎಂಬತ್ತು ದಾಟಿದೆ. ಮೈಸೂರಿನ ನಮ್ಮ ವಠಾರದಲ್ಲಿ ಅಕ್ಕ ಸಂಜೆ ಹಾಡಲು ಕೂತರೆ ಎದುರು ಮನೆಯವರು ನಲ್ಲಿ ನಿಲ್ಲಿಸುತ್ತಿದ್ದರು. ನನಗೆ ಹದಿಮೂರು, ಅಕ್ಕನಿಗೆ ಹತ್ತೊಂಬತ್ತು ಇದ್ದಾಗ ಅವಳಿಗೆ ರೇಡಿಯೋದಲ್ಲಿ ಹಾಡಲು ಆಡಿಷನ್‌ಗೆ ಕರೆ ಬಂತು. ಬರುತ್ತೇನೆ ಎಂದು ಒಂದು ಕಾರ್ಡು ಬರೆದು, ಡಬ್ಬಕ್ಕೆ ಹಾಕಿ ಬಾ ಎಂದು ನನ್ನ ಕೈಗೆ ಕೊಟ್ಟಳು. ಆ ವಾರವೇ ಅವಳನ್ನು ನೋಡಲು ಬಂದಿದ್ದ ಗಂಡಿನ ಕಡೆಯವರು, ದೇವರ ಮುಂದೆ ಹಾಡಿಕೊಳ್ಳಲಿ, ರೇಡಿಯೋ, ಸಭೆ ಎಲ್ಲ ನಮ್ಮ ಮನೆಗೆ ಒಗ್ಗುವುದಿಲ್ಲ ಎಂದು ಹೇಳಿ ಹೋಗಿದ್ದರು. ನನಗೆ ಅದು ತಿಳಿಯದು. ಬೀದಿಯ ಕೊನೆಯಲ್ಲಿ ಅಪ್ಪ ಎದುರಾದರು. ನನ್ನ ಕೈಯಿಂದ ಕಾರ್ಡು ತೆಗೆದುಕೊಂಡು ಓದಿ ಜೇಬಿಗೆ ಹಾಕಿಕೊಂಡರು. “ಹಾಕಿದೆ ಅಂತ ಹೇಳು” ಎಂದರು.

ಹಾಗೇ ಹೇಳಿದೆ.

ಅಕ್ಕ ಒಂದು ತಿಂಗಳು ಅಂಚೆಯವನ ದಾರಿ ನೋಡಿದಳು. ಆಮೇಲೆ ಮದುವೆಯ ಗಡಿಬಿಡಿ. ಭಾವ ಒಳ್ಳೆಯವರೇ, ಅವಳ ಸಂಸಾರ ಚೆನ್ನಾಗಿಯೇ ನಡೆಯಿತು. ನಾನು ಕೆಲಸಕ್ಕೆ ಸೇರಿದ ಮೇಲೆ ರಾಮನವಮಿ ಕಚೇರಿಗಳಿಗೆ ಮುಂದಿನ ಸಾಲಿನ ಟಿಕೆಟ್ ಕೊಂಡು ಹೋಗುತ್ತಿದ್ದೆ. ಅಕ್ಕ ಮನೆಯಲ್ಲಿ ಅಡುಗೆ ಮಾಡುತ್ತಾ, ಬಂದ ಮೇಲೆ ಕೇಳುವಳು, “ಏನು ಹಾಡಿದ್ರೋ? ಎಷ್ಟು ಹೊತ್ತು ಹಾಡಿದ್ರು?” ಒಂದೊಂದೇ ಹೇಳುತ್ತಿದ್ದೆ. ಆ ಕಾರ್ಡಿನ ವಿಷಯ ಮಾತ್ರ ಒಂದು ದಿನವೂ ಹೇಳಲಿಲ್ಲ.

ಹೋಗಲಿ, ಮತ್ತೆ ಚಿತ್ರಕ್ಕೆ ಬರುತ್ತೇನೆ.

1782ರ ಆ ರಾತ್ರಿಯ ಹೊತ್ತಿಗೆ ವೆನಿಸ್‌ನ ಹಳೆಯ ವೈಭವ ಒಳಗೊಳಗೇ ಟೊಳ್ಳಾಗಿತ್ತು. ಅನಾಥಾಲಯಗಳು ಜನರಿಂದ ಠೇವಣಿ ಪಡೆದು ಬಡ್ಡಿ ಕೊಡುತ್ತಿದ್ದವು, ಒಂದು ರೀತಿ ಬ್ಯಾಂಕುಗಳ ಹಾಗೆ. 1770ರ ದಶಕದ ಕೊನೆಯ ಹೊತ್ತಿಗೆ ಅವುಗಳಲ್ಲಿ ಕೆಲವು ದಿವಾಳಿಯಾದವು. ಬಡ್ಡಿ ಕೊಡಲು ಹಣವಿಲ್ಲ, ಸಂಗೀತದ ಗುರುಗಳಿಗೆ ಸಂಬಳವಿಲ್ಲ. ಇಂಥ ಹೊತ್ತಿನಲ್ಲಿ ರಷ್ಯಾದ ಯುವರಾಜ ಬಂದ. ಊರಿನ ಮಾನ ಉಳಿಸಲು ಯಾರನ್ನು ಕರೆದರು ನೋಡಿ! ಯಾರಿಗೂ ಬೇಡವೆಂದು ಬಿಟ್ಟುಹೋದ ಮಕ್ಕಳನ್ನು. ಅವತ್ತು ಜಾಲರಿ ಇರಲಿಲ್ಲ. ತೂಗುದೀಪಗಳ ಬೆಳಕಿನಲ್ಲಿ, ಶ್ರೀಮಂತರ ಎದುರಿಗೆ, ಎಲ್ಲರಿಗೂ ಕಾಣುವಂತೆ ಅವರನ್ನು ನಿಲ್ಲಿಸಿದ್ದರು.

ಗ್ವಾರ್ದಿ ಅಲ್ಲಿ ಶ್ರೀಮಂತರನ್ನು ಬರೆಯಲು ಹೋದವನು. ರೇಷ್ಮೆ, ಜರಿ, ಗರಿ ಎಲ್ಲ ಥಳಥಳ ಎನ್ನುವಂತೆ ಬರೆದ. ಆದರೂ ಆ ಮೂಲೆಯ ಮೂರು ಸಾಲನ್ನು ಅವನು ಬಿಡಲಿಲ್ಲ. ಐದನೆಯ ಭಾನುವಾರ ನಾನೂ ಮೊಮ್ಮಗಳೂ ಆ ಹುಡುಗಿಯರನ್ನು ಎಣಿಸಲು ನಿಂತೆವು. ಒಂದು ಸಲ ಒಂದು ಲೆಕ್ಕ, ಇನ್ನೊಂದು ಸಲ ಇನ್ನೊಂದು ಲೆಕ್ಕ. ಹಿಂದಿನ ಸಾಲಿನವರು ನೆರಳಿನಲ್ಲಿ ಕರಗಿಹೋಗುತ್ತಾರೆ. ತೀರ ಹತ್ತಿರ ಬಗ್ಗಿದೆವೆಂದು ಕಾವಲುಗಾರ ಬಂದು ಹಿಂದೆ ಸರಿಯಿರಿ ಎಂದು ಕೈ ಮಾಡಿದ. ಟೋಕನ್ ಎಣಿಸಿದ ಕೈ ನನ್ನದು, ಒಂದು ಕಡಿಮೆಯಾದರೂ ಮನೆಗೆ ಹೋಗುವ ಹಾಗಿಲ್ಲ ಎಂದು ಅವನಿಗೆ ಯಾವ ಭಾಷೆಯಲ್ಲಿ ಹೇಳಲಿ?

ಉಳಿದ ಕಥೆ ಬೇಗ ಹೇಳಿಬಿಡುತ್ತೇನೆ. ಹದಿನೈದು ವರ್ಷ ಕಳೆದ ಮೇಲೆ, 1797ರಲ್ಲಿ, ನೆಪೋಲಿಯನ್ ಬಂದು ಸಾವಿರ ವರ್ಷದ ವೆನಿಸ್ ಗಣರಾಜ್ಯ ಮುಗಿದುಹೋಯಿತು. ಯುವರಾಜ ಪಾವೆಲ್ ಮುಂದೆ ತ್ಸಾರ್ ಆದ, 1801ರಲ್ಲಿ ತನ್ನದೇ ಅರಮನೆಯಲ್ಲಿ ಕೊಲೆಯಾದ. ಗ್ವಾರ್ದಿ 1793ರಲ್ಲಿ ತೀರಿಕೊಂಡ. ಪಿಟೀಲಿನ ಅನ್ನಾ ಮರಿಯಾ ಈ ಕಚೇರಿಯ ಹೊತ್ತಿಗೆ ಇನ್ನೂ ಬದುಕಿದ್ದಳು, ಸುಮಾರು ಎಂಬತ್ತಾರು ವರ್ಷದ ಅಜ್ಜಿ. ಅದೇ 1782ರ ಆಗಸ್ಟಿನಲ್ಲಿ ಹೋದಳು. ವಿವಾಲ್ಡಿಯನ್ನು ಜನ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಹೆಚ್ಚುಕಡಿಮೆ ಮರೆತೇಬಿಟ್ಟಿದ್ದರು. ಅವನ ಕೈಬರಹದ ದೊಡ್ಡ ಗಂಟು ಬೆಳಕಿಗೆ ಬಂದದ್ದು 1926ರಲ್ಲಿ.

ಮ್ಯೂನಿಕ್ಕಿನಿಂದ ಹೊರಡುವ ಹಿಂದಿನ ದಿನ ಚಿತ್ರಶಾಲೆಯ ಅಂಗಡಿಯಲ್ಲಿ ಆ ಚಿತ್ರದ ಒಂದು ಕಾರ್ಡು ಕೊಂಡೆ. ಒಂದೂಕಾಲು ಯೂರೋ, ಟಿಕೆಟ್ಟಿಗಿಂತ ದುಬಾರಿ. ಮೊಮ್ಮಗಳು ಎಡಗಡೆಯ ಅಟ್ಟಣೆಯ ಕಡೆಗೆ ಪೆನ್ಸಿಲಿನಲ್ಲಿ ಒಂದು ಬಾಣ ಹಾಕಿ, ‘ಹಾಡುವವರು ಇಲ್ಲಿ’ ಎಂದು ತನ್ನ ಸೊಟ್ಟ ಕನ್ನಡದಲ್ಲಿ ಬರೆದಳು. ಅದನ್ನು ಅಕ್ಕನಿಗೆ ಅಂಚೆಯಲ್ಲಿ ಕಳಿಸಿದೆ. ನಾನೇ ಡಬ್ಬದ ಬಾಯಿಯೊಳಕ್ಕೆ ಕೈ ಹಾಕಿ, ಬಿತ್ತೋ ಇಲ್ಲವೋ ಎಂದು ಎರಡು ಸಲ ನೋಡಿ ಬಂದೆ.

ಹನ್ನೆರಡು ದಿನಕ್ಕೆ ಅಕ್ಕನಿಗೆ ತಲುಪಿತು. ಫೋನ್ ಮಾಡಿದಳು.

“ಭೂತಗನ್ನಡಿ ಇಟ್ಕೊಂಡು ನೋಡ್ದೆ ಕಣೋ. ಯಾರಿವರೆಲ್ಲ? ಹೆಸರಿಲ್ವೇನೋ ಇವರಿಗೆ?”

ಅನ್ನಾ ಮರಿಯಾಳ ಕಥೆ ಹೇಳಿದೆ. ಗೋಡೆಯ ಗೂಡು, ಅರ್ಧ ಪದಕ, ಇಪ್ಪತ್ತು ಕೃತಿ ಬರೆದುಕೊಟ್ಟ ಕೆಂಪು ಪಾದ್ರಿ. ಅಕ್ಕ ನಡುವೆ ಮಾತಾಡಲಿಲ್ಲ. ಎಲ್ಲ ಮುಗಿದ ಮೇಲೆ ಒಂದೇ ಕೇಳಿದಳು. “ಮುದುಕಿ ಆದ್ಮೇಲೂ ನುಡಿಸೋಕೆ ಬಿಡ್ತಿದ್ರೇನೋ?”

“ಕಲಿಸ್ತಾ ಇದ್ಲು ಅಕ್ಕ. ಅಲ್ಲೇ ಇದ್ಲು, ಕೊನೇತನಕ.”

“ಪುಣ್ಯವಂತೆ” ಎಂದಳು.

ಕಾರ್ಡಿನ ವಿಷಯ ಆಗಲೂ ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತು. ಅಪ್ಪ ತೀರಿಕೊಂಡು ನಲವತ್ತು ವರ್ಷವಾಯಿತು. ಅವರ ಮೇಲೆ ಹಾಕಿ ಕೂರುವ ವಯಸ್ಸು ನನ್ನದಲ್ಲ. “ಹಾಕಿದೆ” ಎಂದು ಹೇಳಿದ ಬಾಯಿ ನನ್ನದು.

ಈ ಪತ್ರಿಕೆ ಅಕ್ಕನ ಮನೆಗೆ ಪ್ರತಿ ಗುರುವಾರ ಬರುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಭೂತಗನ್ನಡಿ ಹಿಡಿದು ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಪದಬಂಧವನ್ನೂ ಬಿಡದೆ ಓದುತ್ತಾಳೆ. ಸಾಮಾನ್ಯವಾಗಿ ನಾಲ್ಕು ಗಂಟೆಗೆ ನನಗೆ ಫೋನ್ ಬರುತ್ತದೆ.